ಸ್ಪೀಕರ್ ರಿಪೇರಿಗೆ ಇನ್ನು ಮೇಲೆ ಜೋಡಿಯಾಗಿಯೇ ತನ್ನಿ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಬರುವ ತಿಂಗಳ 1ನೇ ತಾರೀಕಿನಿಂದ ನಮ್ಮ ವರ್ಕ್‌ಶಾಪಿನಲ್ಲಿ ಎರಡು ಬದಲಾವಣೆ. ಒಂದು, ಹಳೆಯ ಸ್ಪೀಕರಿನ ಕ್ರಾಸ್‌ಓವರ್ (ಸ್ವರಗಳನ್ನು ಪಾಲು ಮಾಡುವ ಒಳಗಿನ ಬೋರ್ಡು) ಕೆಲಸಕ್ಕೆ ಒಂದೇ ಬಾಕ್ಸ್ ತಂದರೆ ತೆಗೆದುಕೊಳ್ಳುವುದಿಲ್ಲ, ಎಡ ಬಲ ಎರಡೂ ಬೇಕು. ಇನ್ನೊಂದು, "ಎಲ್ಲಾ ಕೆಪಾಸಿಟರ್ ಬದಲಾಯಿಸೋಕೆ ಇಷ್ಟು" ಅಂತ ಫೋನಿನಲ್ಲೇ ಹೇಳುತ್ತಿದ್ದ ರೇಟನ್ನು ನಿಲ್ಲಿಸಿದ್ದೇವೆ. ಮೊದಲು ಬಿಚ್ಚಿ ಅಳೆಯುತ್ತೇವೆ, ರೇಟು ಆಮೇಲೆ. ಅಳೆಯುವುದಕ್ಕೆ ಜೋಡಿಗೆ 600 ರೂಪಾಯಿ. ರಿಪೇರಿ ಮಾಡಿಸಿದರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ. ಈಗಾಗಲೇ ಕೊಟ್ಟಿರುವವರಿಗೆ ಹಳೆಯ ಮಾತೇ ನಡೆಯುತ್ತದೆ.

ಬೆಂಗಳೂರಿನವರಿಗೆ ಇದು ದೊಡ್ಡ ವಿಷಯ ಅಲ್ಲ. ಉಡುಪಿಯಿಂದ, ಶಿವಮೊಗ್ಗದಿಂದ ಬಸ್ಸಿಗೆ ಹಾಕಿ ಕಳಿಸುವವರಿಗೆ ಕಷ್ಟ, ಯಾಕೆಂದರೆ ಹಳೆಯ ಕಾಲದ ಬಾಕ್ಸ್ ಒಂದೊಂದೂ ಇಪ್ಪತ್ತು ಕಿಲೋಗಿಂತ ಜಾಸ್ತಿ ತೂಗುವುದುಂಟು. ಅದಕ್ಕೇ ಕಾರಣವನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇವೆ.

ಆಂಪ್ಲಿಫೈಯರಿನಿಂದ ಬಾಕ್ಸಿಗೆ ಹೋಗುವುದು ಒಂದೇ ಸಿಗ್ನಲ್. ಅದರಲ್ಲಿ ದಪ್ಪ ಸ್ವರ ವೂಫರಿಗೆ, ಸಣ್ಣ ಸ್ವರ ಟ್ವೀಟರಿಗೆ ಅಂತ ಪಾಲು ಮಾಡುವುದು ಒಳಗಿರುವ ಕ್ರಾಸ್‌ಓವರ್. ಒಂದಿಷ್ಟು ಕಾಯಿಲ್, ಒಂದಿಷ್ಟು ಕೆಪಾಸಿಟರ್, ಒಂದೆರಡು ರೆಸಿಸ್ಟರ್, ಅಷ್ಟೇ. ಆದರೆ ಒಂದೊಂದು ಕಂಪನಿಯ ಲೆಕ್ಕ ಒಂದೊಂದು ಥರ. ಜೆಬಿಎಲ್ ಕಂಪನಿಯ ಎಲ್100 ಸೆಂಚುರಿ ಸ್ಪೀಕರಿನಲ್ಲಿ ವೂಫರಿಗೆ ಫಿಲ್ಟರೇ ಇಲ್ಲ. ನಡುವಿನ ಸ್ವರದ ಮಿಡ್‌ರೇಂಜಿಗೆ ಒಂದು 8 ಮೈಕ್ರೋಫ್ಯಾರಡ್ ಅಳತೆಯ ಕೆಪಾಸಿಟರ್, ಟ್ವೀಟರಿಗೆ ಒಂದು 3ರದ್ದು, ಜೊತೆಗೆ ಅವುಗಳ ಸದ್ದು ಏರಿಸಿ ಇಳಿಸುವ ಎರಡು ಲೆವೆಲ್ ಕಂಟ್ರೋಲ್. ಹೆಚ್ಚುಕಡಿಮೆ ಅದೇ ಕಾಲದ, ಎಆರ್ ಕಂಪನಿಯ ಎಆರ್-3ಎ ತೆಗೆದರೆ 575 ಹರ್ಟ್ಸ್‌ನಲ್ಲಿ ಒಂದು ಪಾಲು, 5000 ಹರ್ಟ್ಸ್‌ನಲ್ಲಿ ಇನ್ನೊಂದು ಪಾಲು, ಕೆಪಾಸಿಟರ್ 150, 50, 6 ಹೀಗೆ. ಎರಡರಲ್ಲೂ ಇರುವುದು ಮೂರು ಡ್ರೈವರೇ (ಸದ್ದು ಹೊರಡಿಸುವ ವೂಫರ್, ಮಿಡ್‌ರೇಂಜ್, ಟ್ವೀಟರ್), ಕ್ರಾಸ್‌ಓವರಿಗೆ ಮಾತ್ರ ಸಂಬಂಧವೇ ಇಲ್ಲ.

ಇಂಥ ಹೆಸರಾದ ಮಾಡೆಲ್‌ಗಳಿಗೆ ಕ್ರಾಸ್‌ಓವರಿನ ನಕ್ಷೆ ಸಿಗುತ್ತದೆ. ನಮ್ಮ ಹತ್ತಿರ ಬರುವುದರಲ್ಲಿ ಎಷ್ಟೋ ಬಾಕ್ಸಿಗೆ ಅದೂ ಇಲ್ಲ. ಡ್ರೈವರ್ ಮಾತ್ರ ಹೊರಗಿಂದ ತರಿಸಿ, ಬಡಗಿ ಹತ್ತಿರ ತೇಗದ ಪೆಟ್ಟಿಗೆ ಮಾಡಿಸಿ, ಗೊತ್ತಿದ್ದ ಮೆಕ್ಯಾನಿಕ್ ಕೈಯಲ್ಲಿ ಬೋರ್ಡು ಕಟ್ಟಿಸಿದ ಸ್ಪೀಕರ್‌ಗಳು ಅವು. ಅದಕ್ಕೆ ಉಳಿದಿರುವ ಒಂದೇ ನಕ್ಷೆ ಅಂದರೆ ಜೋಡಿಯ ಇನ್ನೊಂದು ಬಾಕ್ಸ್.

ಒಂದು ಉದಾಹರಣೆ ಹೇಳುತ್ತೇವೆ. ಕರಾವಳಿ ಕಡೆಯಿಂದ ಒಂದು ಬಾಕ್ಸ್ ಬಂತು, "ಟ್ವೀಟರ್ ಸದ್ದೇ ಇಲ್ಲ, ಇನ್ನೊಂದು ಚೆನ್ನಾಗಿದೆ" ಅಂತ ಚೀಟಿ ಇತ್ತು. ಬಿಚ್ಚಿ ನೋಡಿದರೆ ಟ್ವೀಟರಿನ ಸಾಲಿನಲ್ಲಿದ್ದ ರೆಸಿಸ್ಟರ್ ಸುಟ್ಟು ಕರಕಲಾಗಿದೆ. ಅಳತೆ ಬರೆದಿದ್ದ ಜಾಗವೇ ಕಿತ್ತುಹೋಗಿದೆ, ಕೆಳಗಿನ ಬೋರ್ಡು ಕಾಫಿ ಬಣ್ಣಕ್ಕೆ ತಿರುಗಿದೆ. 2.2 ಓಮೋ, 4.7 ಓಮೋ? ಸುಮ್ನೆ ಒಂದು ಹಾಕಿದರೆ ಸದ್ದು ಬರುತ್ತದೆ, ಆದರೆ ಅದು ಆ ಸ್ಪೀಕರಿನ ಸದ್ದಲ್ಲ. ಇನ್ನೊಂದು ಬಾಕ್ಸ್ ತರಿಸಿದೆವು. ಅದರಲ್ಲಿ 3.3 ಓಮ್ ಇತ್ತು. ಜೊತೆಗೆ ಇನ್ನೊಂದು ವಿಷಯವೂ ಹೊರಗೆ ಬಂತು: "ಚೆನ್ನಾಗಿದೆ" ಅಂದಿದ್ದ ಬಾಕ್ಸಿನ 4 ಮೈಕ್ರೋಫ್ಯಾರಡ್ ಕೆಪಾಸಿಟರ್ ಅಳತೆಗೆ 6 ತೋರಿಸಿತು.

4 ಹೋಗಿ 6 ಆದರೆ ಏನಾಯ್ತು ಅನ್ನಿಸಬಹುದು. 8 ಓಮಿನ ಟ್ವೀಟರಿಗೆ 4 ಮೈಕ್ರೋಫ್ಯಾರಡ್ ಒಂದೇ ಇದ್ದರೆ ಪಾಲಾಗುವುದು ಸುಮಾರು 5000 ಹರ್ಟ್ಸ್‌ನಲ್ಲಿ. 6 ಆದರೆ ಅದು 3300ಕ್ಕೆ ಇಳಿಯುತ್ತದೆ. ಟ್ವೀಟರ್ ತಡೆಯಲಾರದ ದಪ್ಪ ಸ್ವರ ಅದರ ಮೇಲೆ ಬೀಳುತ್ತದೆ. ಇವತ್ತು ಸ್ವಲ್ಪ ಒರಟು ಅನ್ನಿಸುತ್ತದೆ, ಯಾವತ್ತೋ ಮದುವೆ ಮನೆಯಲ್ಲಿ ವಾಲ್ಯೂಮ್ ಜಾಸ್ತಿ ಮಾಡಿದಾಗ ಟ್ವೀಟರಿನ ಕಾಯಿಲ್ಲೇ ಸುಟ್ಟುಹೋಗುತ್ತದೆ. ಒಂದೇ ಬಾಕ್ಸ್ ನೋಡಿ ಕಳಿಸಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅಲ್ವಾ?

ಹೀಗೆ ಬದಲಾಗುವುದು ಪ್ಲಸ್ ಮೈನಸ್ ಇಲ್ಲದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು. ಒಳಗಿನ ದ್ರವ ವರ್ಷಗಟ್ಟಲೆ ಮೆಲ್ಲಗೆ ಒಣಗುತ್ತದೆ. ಕೆಲವದರ ಅಳತೆ ಏರುತ್ತದೆ, ಕೆಲವದರದ್ದು ಇಳಿಯುತ್ತದೆ, ಕೆಲವದರಲ್ಲಿ ಅಳತೆ ಸರಿಯಿದ್ದೂ ಒಳಗಿನ ಪ್ರತಿರೋಧ ಜಾಸ್ತಿಯಾಗಿ ಟ್ವೀಟರ್ ಮಂಕಾಗುತ್ತದೆ. ಎಡ ಬಲ ಒಂದೇ ಸಮ ಹಾಳಾಗುವುದೂ ಇಲ್ಲ. ಪ್ರತಿದಿನ ಕೇಳುವ ಕಿವಿಗೆ ಅಭ್ಯಾಸವಾಗಿಬಿಡುತ್ತದೆ. ಮನೆಯಲ್ಲೇ ನೋಡಬೇಕಾದರೆ 1960ರ ದಶಕದ ಮೋನೋ (ಎಡ ಬಲ ಎರಡಕ್ಕೂ ಒಂದೇ ಸದ್ದಿನ) ರೆಕಾರ್ಡಿಂಗಿನ ಒಂದು ಹಳೆಯ ಚಿತ್ರಗೀತೆ ಹಾಕಿ, ಎರಡೂ ಸ್ಪೀಕರಿಗೆ ಸಮ ದೂರದಲ್ಲಿ ಕೂತು ಕೇಳಿ. ಹಾಡುವವರ ಧ್ವನಿ ಸರಿಯಾಗಿ ನಡುವೆ ನಿಲ್ಲಬೇಕು. "ಸ", "ಶ" ಬಂದಾಗಲೆಲ್ಲ ಧ್ವನಿ ಒಂದು ಕಡೆಗೆ ಜಾರಿದರೆ ಟ್ವೀಟರಿನ ದಾರಿಯಲ್ಲಿ ಎಡ ಬಲ ಸಮ ಇಲ್ಲ ಅಂತ ಅರ್ಥ.

ಹಾಗಾದರೆ ಎಲ್ಲವನ್ನೂ ಒಮ್ಮೆಗೇ ಬದಲಾಯಿಸಿಬಿಡಿ ಅಂತ ಬಹಳ ಜನ ಹೇಳುತ್ತಾರೆ. ನಮಗೆ ಅದು ಒಪ್ಪಿಗೆ ಇಲ್ಲ. ಹಳೆಯ ಫಿಲ್ಮ್ (ದ್ರವ ಇಲ್ಲದ, ಪ್ಲಾಸ್ಟಿಕ್ ಹಾಳೆಯ) ಕೆಪಾಸಿಟರ್‌ಗಳು ಇವತ್ತಿಗೂ ಸರಿಯಾದ ಅಳತೆ ತೋರಿಸುತ್ತವೆ, ಕಾಯಿಲ್ ಕೆಡುವುದು ಬಹಳ ಅಪರೂಪ. ಅವನ್ನು ಕಿತ್ತು ನಿಮ್ಮಿಂದ ದುಡ್ಡು ತೆಗೆದುಕೊಳ್ಳುವುದರಲ್ಲಿ ನ್ಯಾಯ ಇಲ್ಲ. ಎಲೆಕ್ಟ್ರೋಲಿಟಿಕ್ ಜಾಗಕ್ಕೆ ದುಬಾರಿ ಫಿಲ್ಮ್ ಹಾಕಿದರೆ ಒಳಗಿನ ಪ್ರತಿರೋಧ ಕಡಿಮೆಯಾಗಿ ಟ್ವೀಟರ್ ಮೊದಲಿಗಿಂತ ಚೂಪಾಗುವುದೂ ಉಂಟು. ಆಗ ಅರ್ಧ ಓಮಿನಷ್ಟು ರೆಸಿಸ್ಟರ್ ಸೇರಿಸಿ ಸರಿದೂಗಿಸಬೇಕು. ಇದೆಲ್ಲ ಅಳೆದು, ಕೇಳಿ ಮಾಡುವ ಕೆಲಸ. ಇನ್ನು ಮೇಲೆ ಕೆಟ್ಟಿರುವುದನ್ನು ಮಾತ್ರ ಬದಲಾಯಿಸುತ್ತೇವೆ. ಆದರೆ ಒಂದು ಕಡೆ ಬದಲಾಯಿಸಿದರೆ ಇನ್ನೊಂದು ಕಡೆಯ ಅದೇ ಭಾಗಕ್ಕೂ ಅದೇ ಥರದ್ದು, ಅಳತೆ ಹೊಂದಿಸಿ ಹಾಕುತ್ತೇವೆ. ತೆಗೆದ ಭಾಗಗಳನ್ನು ಅಳತೆ ಬರೆದ ಚೀಟಿಯ ಸಮೇತ ನಿಮಗೇ ವಾಪಸ್ ಕೊಡುತ್ತೇವೆ.

ಹೊತ್ತುಕೊಂಡು ಬರುವ ಮೊದಲು ಮನೆಯಲ್ಲಿ ಇಷ್ಟು ನೋಡಿ. ಆಂಪ್ಲಿಫೈಯರ್ ಆಫ್ ಮಾಡಿ, ಅದರ ಹಿಂದೆ ಎಡ ಬಲ ಸ್ಪೀಕರ್ ವೈರ್ ಅದಲು ಬದಲು ಮಾಡಿ. ತೊಂದರೆ ಇನ್ನೊಂದು ಬಾಕ್ಸಿಗೆ ಹೋದರೆ ಕೆಟ್ಟಿರುವುದು ಆಂಪ್ಲಿಫೈಯರೋ ಅದಕ್ಕೆ ಸಿಗ್ನಲ್ ಕೊಡುವ ಪ್ಲೇಯರೋ, ಸ್ಪೀಕರ್ ತರುವ ಅಗತ್ಯವೇ ಇಲ್ಲ. ಲೆವೆಲ್ ಕಂಟ್ರೋಲ್ ಇದ್ದರೆ ಈ ಕೊನೆಯಿಂದ ಆ ಕೊನೆಗೆ ಹತ್ತಾರು ಸಲ ತಿರುಗಿಸಿ. ಕರಕರ ಅಂದು ಸದ್ದು ವಾಪಸ್ ಬಂದರೆ ಅದು ಕಿಲುಬು, ಕೆಪಾಸಿಟರ್ ಅಲ್ಲ. ಸಮುದ್ರದ ಗಾಳಿಯಲ್ಲಿದ್ದ ಸ್ಪೀಕರ್‌ಗಳಲ್ಲಿ ಇದೇ ಜಾಸ್ತಿ, ಖರ್ಚೂ ಕಡಿಮೆ.

ಮಲ್ಟಿಮೀಟರ್ ಇರುವವರಿಗೆ ಒಂದು ಮಾತು. ಹಿಂದಿನ ಟರ್ಮಿನಲ್‌ಗೆ ಹಿಡಿದಾಗ 8 ಓಮಿನ ಸ್ಪೀಕರ್ 6 ಓಮಿನ ಆಸುಪಾಸು ತೋರಿಸಿದರೆ ವೂಫರ್ ಕಾಯಿಲ್ ಸರಿಯಿದೆ ಅಂತ ಅಷ್ಟೇ. ಟ್ವೀಟರಿನ ಮುಂದೆ ಕೆಪಾಸಿಟರ್ ಇರುವುದರಿಂದ ಮೀಟರಿಗೆ ಅದು ಕಾಣುವುದೇ ಇಲ್ಲ. ಟ್ವೀಟರ್ ಅಳೆಯಬೇಕಾದರೆ ಅದರ ಒಂದು ವೈರ್ ಬಿಡಿಸಿಯೇ ಅಳೆಯಬೇಕು.

ಒಂದು ಕೆಲಸ ಮಾತ್ರ ದಯವಿಟ್ಟು ಮಾಡಬೇಡಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹತ್ತು ರೂಪಾಯಿಗೆ ಸಿಗುತ್ತದೆ ಅಂತ ಪ್ಲಸ್ ಮೈನಸ್ ಇರುವ ಮಾಮೂಲಿ ಕೆಪಾಸಿಟರ್ ತಂದು ಹಾಕಬೇಡಿ. ಸ್ಪೀಕರಿನಲ್ಲಿ ಕರೆಂಟ್ ಎರಡೂ ದಿಕ್ಕಿಗೆ ಓಡುತ್ತದೆ, ಅದು ಬಿಸಿಯಾಗಿ ಕೆಡುತ್ತದೆ, ಟ್ವೀಟರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ಬಾಕ್ಸ್ ಕಳಿಸುವುದು ಆಗದ ಊರಿನವರು ಎರಡೂ ಬೋರ್ಡನ್ನು ಮಾತ್ರ ಬಿಚ್ಚಿ ಕೊರಿಯರ್ ಮಾಡಬಹುದು. ವೈರ್ ತೆಗೆಯುವ ಮೊದಲು ಫೋಟೋ ತೆಗೆಯಿರಿ, ಪ್ರತಿ ವೈರಿಗೂ ಲೇಬಲ್ ಅಂಟಿಸಿ, ಬೋರ್ಡಿನ ಮೇಲೆ ಎಡ, ಬಲ ಅಂತ ಬರೆಯಿರಿ. ಕಾಯಿಲ್‌ಗಳನ್ನು ಇದ್ದ ಜಾಗದಿಂದ ಅಲುಗಿಸಬೇಡಿ. ಒಂದರ ಪ್ರಭಾವ ಇನ್ನೊಂದರ ಮೇಲೆ ಬೀಳದ ಹಾಗೆ ಕೂರಿಸಿರುತ್ತಾರೆ. ಒಳಗೆ ಗ್ಲಾಸ್ ವುಲ್ ಇದ್ದರೆ ಕೈಗವಸು, ಮಾಸ್ಕ್ ಹಾಕಿಕೊಂಡೇ ಮುಟ್ಟಿ. ಜೋಡಿಯಲ್ಲಿ ಒಂದು ಕಳೆದುಹೋಗಿದ್ದರೆ ಫೋನ್ ಮಾಡಿ. ಅಂಥದ್ದನ್ನು ತೆಗೆದುಕೊಳ್ಳುತ್ತೇವೆ, ಯಾವ ಭಾಗದ ಅಂಕಿ ಅಳೆದದ್ದು, ಯಾವುದು ನಾವು ಲೆಕ್ಕ ಹಾಕಿ ಹೊಂದಿಸಿದ್ದು ಅಂತ ಬಿಲ್ಲಿನಲ್ಲೇ ಬರೆದು ಕೊಡುತ್ತೇವೆ.

ಇಂತಿ ನಿಮ್ಮ,
ವರ್ಕ್‌ಶಾಪಿನ ಎಲ್ಲರೂ