ಕೂಡಿ ಪ್ರಾರ್ಥಿಸುವ ಮುನ್ನ

ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯಕ್ಕಾಗಿ ಪ್ರಾರ್ಥಿಸುವ ವಾರ. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಸಂಘದ ಕ್ರೈಸ್ತ ಕುಟುಂಬಗಳು ಈ ಸಲ ಒಂದು ಸಂಜೆ ಕೂಡಿ ಪ್ರಾರ್ಥಿಸಲು ಬಯಸಿವೆ. ಬಹಳ ಸಂತೋಷ. ಆದರೆ ಎಲ್ಲಿ ಒಂದಾಗಿದ್ದೇವೆ, ಎಲ್ಲಿ ಇನ್ನೂ ಆಗಿಲ್ಲ ಎಂಬುದನ್ನು ತಿಳಿಯದೆ ಕೂತರೆ ಯಾರದೋ ಮನಸ್ಸು ನೋಯುತ್ತದೆ.

ಊರಲ್ಲೂ ನಮ್ಮ ಬೇರುಗಳು ಬೇರೆಬೇರೆ. 1810ರಲ್ಲಿ ಲಂಡನ್ ಮಿಷನ್ ಎಂಬ ಪ್ರೊಟೆಸ್ಟಂಟ್ ಸಂಸ್ಥೆಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು, ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತರು. ಲಂಡನ್ ಮಿಷನ್ನಿನ ಸಭೆಗಳು (ಚರ್ಚುಗಳು) ಸೇರಿದ್ದ ಒಕ್ಕೂಟ 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಬ್ರಿಟಿಷ್ ಮೆಥಡಿಸ್ಟ್ ಸಭೆಗಳೊಂದಿಗೆ ವಿಲೀನವಾಗಿ ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ, ಆಯಿತು. ರಾಯಚೂರಿನ ಮೆಥಡಿಸ್ಟರದು ಅಮೆರಿಕದ ಮಿಷನ್. ಅವರು ಆ ವಿಲೀನಕ್ಕೆ ಬರಲಿಲ್ಲ. 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಕಥೋಲಿಕ ಧರ್ಮಕ್ಷೇತ್ರ (ಬಿಷಪ್ಪರ ಆಡಳಿತದ ಪ್ರದೇಶ) ಮೂರೂ ಜಿಲ್ಲೆಗಳನ್ನು ಒಳಗೊಂಡಿದೆ.

‘ಕಥೋಲಿಕರು ಪುಣ್ಯಕಾರ್ಯದಿಂದ ರಕ್ಷಣೆ ಗಳಿಸಲು ನೋಡುತ್ತಾರೆ’ ಎಂಬ ಮಾತು ಈಗಲೂ ಕಿವಿಗೆ ಬೀಳುತ್ತದೆ. ಅದನ್ನು ಇನ್ನಾದರೂ ಬಿಡಬೇಕು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಮಾರ್ಟಿನ್ ಲೂಥರ್ ಪರಂಪರೆಯ ಲೂಥರನ್ನರೂ ಸಹಿ ಹಾಕಿದ ಜಂಟಿ ಘೋಷಣೆಯ ಸಾರ ಇದು: ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದ ಮಾತ್ರ, ನಮ್ಮ ಯೋಗ್ಯತೆಯಿಂದಲ್ಲ. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ಕ್ಯಾಲ್ವಿನ್ ಪರಂಪರೆಯ ರಿಫಾರ್ಮ್ಡ್ ಸಭೆಗಳು ಅದಕ್ಕೆ ಸೇರಿದವು. ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಸಭೆಗಳನ್ನು ಒಡೆದಿಟ್ಟ ಪ್ರಶ್ನೆಯಲ್ಲೇ ಇಷ್ಟು ಒಮ್ಮತ ಬಂದಿರುವಾಗ ನಾವು ಹಳೆಯ ದೂರು ಹೊತ್ತು ತಿರುಗುವುದು ಸಲ್ಲದು.

ಇನ್ನು ಆ ಸಂಜೆಯ ಕ್ರಮ. ಕಥೋಲಿಕರ ಬಲಿಪೂಜೆಯಾಗಲಿ ಪ್ರೊಟೆಸ್ಟಂಟರ ಪ್ರಭು ಭೋಜನವಾಗಲಿ (ಎರಡೂ ರೊಟ್ಟಿ, ದ್ರಾಕ್ಷಾರಸದ ಆರಾಧನೆ) ಬೇಡ. ಸಿಎಸ್‌ಐ, ಮೆಥಡಿಸ್ಟ್ ಸಭೆಗಳು ಬೇರೆ ಸಭೆಯವರನ್ನೂ ಭೋಜನಕ್ಕೆ ಕರೆಯುತ್ತವೆ, ಕಥೋಲಿಕ ನಿಯಮ ಅದಕ್ಕೆ ಒಪ್ಪುವುದಿಲ್ಲ. ಕರೆದು ತಲೆತಗ್ಗಿಸುವಂತೆ ಮಾಡುವುದು ಬೇಡ. ಗೀತೆ, ವಾಕ್ಯ ಪಠಣ, ಕಿರು ಪ್ರಸಂಗ, ಬಿನ್ನಹ, ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಸಾಕು. ಎಡವುವುದು ಈ ಕೊನೆಯದರಲ್ಲೇ. ಕಥೋಲಿಕರ ಪಾಠ, ಪ್ರೊಟೆಸ್ಟಂಟರ ಪಾಠ ಕನ್ನಡದಲ್ಲಿ ಬೇರೆ. ಕೇಡಿನಿಂದ ಕಾಪಾಡು ಎನ್ನುವಲ್ಲಿಗೆ ಅರ್ಧ ಸಭೆ ‘ಆಮೆನ್’ ಅನ್ನುತ್ತದೆ, ಉಳಿದರ್ಧ ‘ರಾಜ್ಯವೂ ಬಲವೂ ಮಹಿಮೆಯೂ’ ಎಂದು ಮುಂದುವರಿಯುತ್ತದೆ. ಒಂದೇ ಪಾಠವನ್ನು ದೊಡ್ಡ ಅಕ್ಷರದಲ್ಲಿ ಅಚ್ಚುಹಾಕಿ ಮೊದಲೇ ಕೈಗೆ ಕೊಡಿ. ಪೆಂಟೆಕೋಸ್ಟ್ ಸಭೆಯವರಿಗೆ ಗಟ್ಟಿಯಾಗಿ ಪ್ರಾರ್ಥಿಸಲು ಸಮಯ ಗೊತ್ತುಮಾಡಿಡಿ. ಶಿಶುಗಳಿಗೆ ಕೊಟ್ಟ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಸರಿಯೋ ತಪ್ಪೋ ಎಂಬ ವಾದ ಅಂದು ಬೇಡ.

ನಿಜವಾದ ಕಷ್ಟ ಕಥೋಲಿಕರೂ ಬೇರೆ ಸಭೆಯವರೂ ಸೇರುವ ಮದುವೆಯಲ್ಲಿ. ಬೀಗರಿಬ್ಬರೂ ಮುನಿಯದಿರಲೆಂದು ಬೆಳಿಗ್ಗೆ ಒಂದು ಚರ್ಚಿನಲ್ಲಿ, ಸಂಜೆ ಇನ್ನೊಂದರಲ್ಲಿ ಮದುವೆ ಇಟ್ಟುಕೊಳ್ಳುವವರಿದ್ದಾರೆ. ಕಥೋಲಿಕ ಕಾನೂನು ಅದನ್ನು ಸ್ಪಷ್ಟವಾಗಿ ತಡೆಯುತ್ತದೆ: ಒಪ್ಪಿಗೆಯ ಮಾತು ಒಮ್ಮೆ ಮಾತ್ರ. ಇಂಥ ಮಿಶ್ರ ವಿವಾಹಕ್ಕೆ ಧರ್ಮಾಧ್ಯಕ್ಷರ (ಬಿಷಪ್ಪರ) ಅನುಮತಿ ಬೇಕು. ಮದುವೆ ಮೆಥಡಿಸ್ಟ್ ಅಥವಾ ಸಿಎಸ್‌ಐ ಚರ್ಚಿನಲ್ಲಾದರೆ ಕಥೋಲಿಕ ಗುರುಗಳ ಮುಂದೆ ಮದುವೆಯಾಗಬೇಕೆಂಬ ವಿಧಿಯಿಂದ ಪ್ರತ್ಯೇಕ ವಿನಾಯಿತಿಯೂ ಬೇಕು. ಅದಿಲ್ಲದಿದ್ದರೆ ಕಥೋಲಿಕ ಸಭೆ ಆ ಮದುವೆಯನ್ನು ಸಿಂಧುವೆಂದು ಎಣಿಸುವುದಿಲ್ಲ. ಮಕ್ಕಳನ್ನು ಕಥೋಲಿಕ ವಿಶ್ವಾಸದಲ್ಲಿ ಬೆಳೆಸಲು ಕೈಲಾದಷ್ಟು ಪ್ರಯತ್ನಿಸುತ್ತೇನೆಂದು ಮಾತು ಕೊಡುವುದು ಕಥೋಲಿಕ ಸಂಗಾತಿ ಮಾತ್ರ. ಇನ್ನೊಬ್ಬರು ಏನನ್ನೂ ಒಪ್ಪಿಕೊಳ್ಳಬೇಕಿಲ್ಲ, ಆದರೆ ವಿಷಯ ಅವರಿಗೆ ತಿಳಿದಿರಲೇಬೇಕು. ಇದನ್ನು ಮುಚ್ಚಿಟ್ಟ ಮನೆಗಳಲ್ಲಿ ಮೊದಲ ಮಗುವಿನ ದೀಕ್ಷಾಸ್ನಾನದ ಹೊತ್ತಿಗೆ ಜಗಳ ಏಳುತ್ತದೆ. ನಿಶ್ಚಿತಾರ್ಥಕ್ಕೆ ಮುಂಚೆಯೇ ಸಭಾಪಾಲಕರನ್ನೂ ಫಾದರನ್ನೂ ಒಟ್ಟಿಗೆ ಕೂರಿಸಿ ಮಾತಾಡಿ. ಊರಿನ ಚರ್ಚಿನಿಂದ ದೀಕ್ಷಾಸ್ನಾನದ ಹೊಸ ಪ್ರಮಾಣಪತ್ರ ತರಿಸಿಕೊಳ್ಳಿ. ಆರು ತಿಂಗಳಿಗಿಂತ ಹಳೆಯದಾದರೆ ಸಾಮಾನ್ಯವಾಗಿ ತಿರುಗಿ ಕಳಿಸುತ್ತಾರೆ.