ದೂರು: ಲೈಬ್ರರಿ ಕೊಟ್ಟ ಉಚಿತ ಚಂದಾಕ್ಕೆ ಆಟೋಪೇ ಯಾಕೆ?

ಗೆ,
ಮುಖ್ಯಸ್ಥರು, ಗ್ರಾಹಕ ಸೇವೆ,
ಡಿಜಿಟಲ್ ಚಂದಾ ವಿಭಾಗ

ವಿಷಯ: ವಿಶ್ವವಿದ್ಯಾಲಯದ ಲೈಬ್ರರಿ ಮೂಲಕ ಸಿಗಬೇಕಾದ ಇ-ಪೇಪರ್ ಕ್ಯಾಂಪಸ್ಸಿನ ಹೊರಗೆ ತೆರೆಯದಿರುವುದು ಮತ್ತು ಕಲಬುರಗಿ ಆವೃತ್ತಿ ಸಿಗದಿರುವುದು

ಮಾನ್ಯರೇ,

ನಾನು ಕಲಬುರಗಿಯಲ್ಲಿ ಎಂ.ಎ. ಅರ್ಥಶಾಸ್ತ್ರ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಊರು ಆಳಂದ ತಾಲೂಕಿನ ಒಂದು ಹಳ್ಳಿ. ನಮ್ಮ ವಿಶ್ವವಿದ್ಯಾಲಯದ ಲೈಬ್ರರಿ ನಿಮ್ಮ ಪತ್ರಿಕೆಯ ಡಿಜಿಟಲ್ ಚಂದಾ ತೆಗೆದುಕೊಂಡಿದೆ. ಹಣವನ್ನು ವಿಶ್ವವಿದ್ಯಾಲಯವೇ ಕಟ್ಟಿದೆ. ವಿದ್ಯಾರ್ಥಿಗಳು ಏನೂ ಕೊಡಬೇಕಿಲ್ಲ, ಎಲ್ಲಿ ಕೂತು ಬೇಕಾದರೂ ಓದಬಹುದು ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದಾರೆ. ಆದರೆ ಕ್ಯಾಂಪಸ್ ಗೇಟು ದಾಟಿದ ಮೇಲೆ ನಿಮ್ಮ ಆ್ಯಪ್ ನಮ್ಮಿಂದ ದುಡ್ಡು ಕೇಳುತ್ತದೆ.

ಏನಾಗುತ್ತಿದೆ ಎಂದು ಬಿಡಿಸಿ ಹೇಳುತ್ತೇನೆ. ಲೈಬ್ರರಿಯ ವೈಫೈನಲ್ಲಿ ಲಾಗಿನ್ ತಕರಾರಿಲ್ಲ. ವಿಶ್ವವಿದ್ಯಾಲಯದ ಐಪಿ ವಿಳಾಸ, ಅಂದರೆ ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ, ನಿಮ್ಮಲ್ಲಿ ದಾಖಲಾಗಿದೆ, ಪುಟ ತಾನಾಗಿಯೇ ತೆರೆಯುತ್ತದೆ. ಊರಲ್ಲಿ ನಮಗಿರುವುದು ಮೊಬೈಲ್ ಡೇಟಾ, ಅದರ ಐಪಿ ಬೇರೆ. ಅದಕ್ಕೇ ನೀವು ‘ಸಂಸ್ಥೆಯ ಮೂಲಕ ಲಾಗಿನ್’ ಎಂಬ ದಾರಿ ಇಟ್ಟಿದ್ದೀರಿ. ಪಟ್ಟಿಯಲ್ಲಿ ವಿಶ್ವವಿದ್ಯಾಲಯದ ಹೆಸರು ಆರಿಸಿ, ಅಲ್ಲಿನ ಇಮೇಲ್ ಹಾಕಿ, ಬಂದ ಒಟಿಪಿ ಕೊಟ್ಟರೆ ಹಸಿರು ಟಿಕ್ ಬರುತ್ತದೆ. ಸದಸ್ಯತ್ವ ಖಚಿತವಾಗಿದೆ ಅನ್ನುತ್ತದೆ. ಅಲ್ಲಿಗೆ ಪೇಪರ್ ತೆರೆಯಬೇಕು ಅಲ್ವಾ? ಇಲ್ಲ. ಉಚಿತ ಚಂದಾ ಶುರುವಾಗಲು ಯುಪಿಐ ಆಟೋಪೇಗೆ, ಅಂದರೆ ಖಾತೆಯಿಂದ ಹಣ ತಾನಾಗಿಯೇ ಕಡಿತವಾಗುವುದಕ್ಕೆ, ಒಪ್ಪಿಗೆ ಕೊಡಿ ಎಂಬ ಪುಟ ಬಂದು ನಿಲ್ಲುತ್ತದೆ. ಅದನ್ನು ಬಿಟ್ಟು ಮುಂದೆ ಹೋಗಲು ಬಟನ್ನೇ ಇಲ್ಲ. ಹಿಂದೆ ಹೋದರೆ ಮತ್ತೆ ಲಾಗಿನ್ ಪುಟ.

ನನ್ನ ಗೆಳತಿಯೊಬ್ಬಳು ಉಚಿತ ಅಂತ ಬರೆದದ್ದನ್ನು ನಂಬಿ ಒಪ್ಪಿಗೆ ಕೊಟ್ಟಳು. ಅವರ ಮನೆಯಲ್ಲಿ ಯುಪಿಐ ಇರುವುದು ಅಪ್ಪನ ಫೋನಿನಲ್ಲಿ ಮಾತ್ರ. ತಿಂಗಳು ಕಳೆದ ಮೇಲೆ ಇಡೀ ವರ್ಷದ ಚಂದಾ ಅವರ ಖಾತೆಯಿಂದ ಹೋಯಿತು. ಹಣ ಕಡಿಯುವ 24 ಗಂಟೆ ಮುಂಚೆ ತಿಳಿಸಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಮೆಸೇಜು ಬಂದಿತ್ತು, ಇಂಗ್ಲಿಷಿನಲ್ಲಿ. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಆ ಹೊತ್ತಿಗೆ ಹೊಲದಲ್ಲಿದ್ದರು. ಬೀಜ, ಗೊಬ್ಬರಕ್ಕೆಂದು ತೆಗೆದಿಟ್ಟ ದುಡ್ಡು ಅದು. ಕನ್ನಡ ಪತ್ರಿಕೆ ನಡೆಸುವ ನೀವು ನಿಮ್ಮ ಕಡೆಯಿಂದ ಕನ್ನಡದಲ್ಲಿ ಒಂದು ಸಾಲು ಕಳಿಸಲು ಆಗುತ್ತಿರಲಿಲ್ಲವೇ?

ಇದು ನಿಯಮಕ್ಕೂ ವಿರುದ್ಧ. ಗ್ರಾಹಕರನ್ನು ದಾರಿ ತಪ್ಪಿಸುವ ಆನ್‌ಲೈನ್ ತಂತ್ರಗಳ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಮಾರ್ಗಸೂಚಿ ಹೊರಡಿಸಿದೆ. ಅದರಲ್ಲಿ 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳ ಪಟ್ಟಿ ಇದೆ. ಉಚಿತ ಚಂದಾ ಕೊಡುತ್ತೇವೆಂದು ಹೇಳಿ ಪಾವತಿ ವಿವರವನ್ನೋ ಆಟೋ ಡೆಬಿಟ್ ಒಪ್ಪಿಗೆಯನ್ನೋ ಬಲವಂತವಾಗಿ ಕೇಳುವುದೂ ಆ ಪಟ್ಟಿಯಲ್ಲಿದೆ. ನೀವು ಮಾಡುತ್ತಿರುವುದು ಇದನ್ನೇ. ಅದೂ ಹಣ ಆಗಲೇ ನಿಮಗೆ ಸಂದಿರುವಾಗ.

ನಿಮ್ಮ ಕಸ್ಟಮರ್ ಕೇರ್‌ಗೆ ಬರೆದರೆ ‘ನಿಮ್ಮ ಲೈಬ್ರರಿಯನ್ನು ಸಂಪರ್ಕಿಸಿ’ ಎಂಬ ಅದೇ ರೆಡಿಮೇಡ್ ಉತ್ತರ. ಲೈಬ್ರರಿಯ ಮೇಡಂ ಹತ್ತಿರ ಹೋದೆ. ಪಾಪ, ಅವರು ಕಂಪ್ಯೂಟರ್ ನನ್ನ ಕಡೆ ತಿರುಗಿಸಿ ನಿಮ್ಮದೇ ನವೀಕರಣದ ಪತ್ರ ತೋರಿಸಿದರು. ಕ್ಯಾಂಪಸ್ಸಿನ ಹೊರಗೂ ಓದಬಹುದು, ಎಲ್ಲ ಆವೃತ್ತಿಗಳೂ ಸೇರಿವೆ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಅವರು ನಿಮಗೆ ಕಳಿಸಿದ ದೂರುಗಳು ಸುಮ್ನೆ ಬಿದ್ದಿವೆ.

ಎಲ್ಲ ಆವೃತ್ತಿ ಅಂದಿರಿ, ಅದರ ಬಗ್ಗೆಯೂ ಹೇಳಬೇಕು. ಲೈಬ್ರರಿ ವೈಫೈನಲ್ಲಿ ಕೂಡ ನಮಗೆ ತೆರೆಯುವುದು ಬೆಂಗಳೂರು ಆವೃತ್ತಿ ಮಾತ್ರ. ಕಲಬುರಗಿ ಅಂತ ಒತ್ತಿದರೆ ಬೀಗದ ಗುರುತು ಬರುತ್ತದೆ. ನನ್ನ ಪ್ರಬಂಧ ತೊಗರಿಯ ಬಗ್ಗೆ. 2022-23ರಲ್ಲಿ ನೆಟೆ ರೋಗ ಬಿದ್ದು ನಮ್ಮ ಭಾಗದ ತೊಗರಿ ನಿಂತಲ್ಲೇ ಒಣಗಿತು. ಹೂವು, ಕಾಯಿ ಹಿಡಿದ ಗಿಡ ಹಾಗೇ ಕಟ್ಟಿಗೆಯಾಯಿತು. ರೈತರು ಒಣಗಿದ ಗಿಡ ಹಿಡಿದು ಪರಿಹಾರ ಕೇಳಿದ್ದು, ಯಾವ ಹಳ್ಳಿಯಲ್ಲಿ ಎಷ್ಟು ಹೊಲ ಹಾಳಾಯಿತು ಎಂಬುದು, ದಿನದಿನದ ಎಪಿಎಂಸಿ ದರ, ಇವೆಲ್ಲ ಜಿಲ್ಲಾ ಪುಟಗಳಲ್ಲಿ ಬಂದ ಸುದ್ದಿ. ಬೆಂಗಳೂರು ಆವೃತ್ತಿಗೆ ನಮ್ಮ ತೊಗರಿ ನೆನಪಾಗುವುದು ಅಂಗಡಿಯಲ್ಲಿ ಬೇಳೆ ದರ ಏರಿದಾಗ. ನನಗೆ ಬೇಕಾದ ಒಂದು ಪುಟ ನಿಮ್ಮ ಹುಡುಕಾಟದಲ್ಲಿ ಸಿಕ್ಕಿತು. ತಲೆಬರಹ ಕಂಡಿತು, ಕೆಳಗೆ ಎರಡು ಸಾಲು ಕಂಡವು, ಮೂರನೇ ಸಾಲಿನಿಂದ ಅಕ್ಷರ ಮಸುಕು. ಅದರ ಮೇಲೆ ‘ಮುಂದೆ ಓದಲು ಚಂದಾದಾರರಾಗಿ’. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿದೆ. ಅಂಥ ಬೆಳೆಯ ಸುದ್ದಿಯನ್ನು ಅದನ್ನು ಬೆಳೆಯುವ ಊರಿನ ವಿದ್ಯಾರ್ಥಿಗಳಿಗೇ ಮುಚ್ಚಿಟ್ಟರೆ ಹೇಗೆ?

ದಿನಾ ಲೈಬ್ರರಿಗೆ ಬಂದು ಓದಿ ಎಂದು ನೀವು ಹೇಳಬಹುದು. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಚಾರ್ಜ್ ಇಲ್ಲ, ಅದು ದೊಡ್ಡ ಉಪಕಾರ. ಆದರೆ ಸಂಜೆಯ ಬಸ್ಸು ತಪ್ಪಿದರೆ ನಮ್ಮೂರಿಗೆ ಇನ್ನೊಂದಿಲ್ಲ. ಕ್ಲಾಸು ಮುಗಿಸಿ ಓಡುವುದರಲ್ಲೇ ಹೊತ್ತು ಹೋಗುತ್ತದೆ. ರಾತ್ರಿ ಮನೆಗೆಲಸ ಮುಗಿದ ಮೇಲೆ ಓದಲು ಸಿಗುವ ಸಮಯ ಅದೊಂದೇ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಮೀಸಲಾದ ಹುದ್ದೆಗಳಿಗೆ ತಯಾರಾಗುತ್ತಿರುವ ನಮ್ಮ ಕಡೆಯ ಹುಡುಗ ಹುಡುಗಿಯರೆಲ್ಲರ ಕಥೆಯೂ ಇದೇ. ಕ್ಯಾಂಪಸ್ಸಿನಲ್ಲಿ ಇರುವವರಿಗೆ ಸ್ಟ್ಯಾಂಡಿನ ಮೇಲೆ ಅಚ್ಚಾದ ಪೇಪರ್ ಹೇಗೂ ಇದೆ. ಈ ಚಂದಾ ಜಾಸ್ತಿ ಬೇಕಿರುವುದು ದೂರದಲ್ಲಿರುವವರಿಗೆ, ನೀವು ತಡೆದಿರುವುದೂ ಅವರನ್ನೇ.

ಸಂಸ್ಥೆಯ ಮೂಲಕ ಲಾಗಿನ್ ಆದವರಿಗೆ ಆಟೋಪೇ ಪುಟ ಬರಲೇಬಾರದು, ಅದನ್ನು ಕೂಡಲೇ ತೆಗೆಯಿರಿ. ನನ್ನ ಗೆಳತಿಯ ತಂದೆಯ ಹಣ ವಾಪಸ್ ಮಾಡಿ, ಆ ಒಪ್ಪಿಗೆಯನ್ನು ನಿಮ್ಮ ಕಡೆಯಿಂದಲೇ ರದ್ದು ಮಾಡಿ. ಹೀಗೆ ಹಣ ಕಳೆದುಕೊಂಡ ಬೇರೆ ವಿದ್ಯಾರ್ಥಿಗಳಿದ್ದರೆ ಅವರ ಲೆಕ್ಕವೂ ನಿಮ್ಮಲ್ಲೇ ಇರುತ್ತದೆ, ಅವರಿಗೂ ಕೊಡಿ. ಕಲಬುರಗಿ ಆವೃತ್ತಿಯನ್ನು ಹಳೆಯ ಸಂಚಿಕೆಗಳ ಸಮೇತ ತೆರೆಯಿರಿ. ಪ್ರಬಂಧ ಒಪ್ಪಿಸುವ ದಿನ ಹತ್ತಿರವಿದೆ, ನನಗೆ 2022ರ ಡಿಸೆಂಬರ್ ಮತ್ತು 2023ರ ಜನವರಿಯ ಪುಟಗಳು ಮೊದಲು ಬೇಕು.

15 ದಿನದೊಳಗೆ ಲಿಖಿತ ಉತ್ತರ ಕೊಡಿ, ಅದರ ಪ್ರತಿಯನ್ನು ನಮ್ಮ ಲೈಬ್ರರಿಗೂ ಕಳಿಸಿ. ಉತ್ತರ ಬರದಿದ್ದರೆ 1915 ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗಿ,
ಎಂ.ಎ. ವಿದ್ಯಾರ್ಥಿನಿ, ಕಲಬುರಗಿ

ಲಗತ್ತು: ಆಟೋಪೇ ಪುಟ ಮತ್ತು ಬೀಗ ಹಾಕಿದ ಆವೃತ್ತಿಯ ಸ್ಕ್ರೀನ್‌ಶಾಟ್, ಹಣ ಕಡಿತವಾದ ಬ್ಯಾಂಕ್ ಮೆಸೇಜು, ಲೈಬ್ರರಿ ನೋಟಿಸಿನ ಫೋಟೊ