ಅಪ್ಪನಿಗೆ ಐದು ವರ್ಷ ತುಂಬಿತು, ನಿಮಗೆಲ್ಲ ಥ್ಯಾಂಕ್ಸ್

ಹೋದ ವಾರ ಅಪ್ಪನ ಮೂಗಿನೊಳಗಿನ ಕ್ಯಾನ್ಸರಿಗೆ ಚಿಕಿತ್ಸೆಯಾದ ಮೇಲಿನ ಐದನೇ ವರ್ಷದ ಚೆಕಪ್ ಮುಗಿಯಿತು. ಸ್ಕ್ಯಾನಿನಲ್ಲಿ ಏನೂ ಇಲ್ಲ. ಜೊತೆಗೆ ನಿಂತವರಿಗೆಲ್ಲ ಇಲ್ಲಿಂದಲೇ ಕೈ ಮುಗಿಯುತ್ತೇನೆ.

ಅಪ್ಪ ಬಡಗಿ. ಮೀಸೆ ಚಿಗುರುವ ಮೊದಲೇ ಉಳಿ ಹಿಡಿದು ತೇಗ, ಬೀಟೆ, ಹಲಸು ಉಜ್ಜಿದವರು. ಎಡಗಡೆ ಮೂಗು ಕಟ್ಟಿದಾಗ ಶೀತ ಅಂದರು. ಆಮೇಲೆ ಅಲರ್ಜಿ, ಆಮೇಲೆ ಸೈನಸ್. ಒಂದು ಕಡೆ ಪಾಲಿಪ್ (ಮೂಗಿನೊಳಗೆ ಬೆಳೆಯುವ ಮೆತ್ತನೆ ಗಂಟು) ಅಂತ ಬರೆದು, ಬಯಾಪ್ಸಿ, ಅಂದರೆ ಚೂರು ತೆಗೆದು ಪರೀಕ್ಷೆ, ಮಾಡದೆ ಸ್ಪ್ರೇ ಕೊಟ್ಟು ಕಳಿಸಿದರು. ಕರ್ಚೀಫಿನಲ್ಲಿ ಆಗಾಗ ರಕ್ತದ ಗೆರೆ. ಎಡಗಣ್ಣಲ್ಲಿ ಸದಾ ನೀರು. ಒಲೆ ಮೇಲಿನ ಹಾಲು ಸೀದರೂ ಪಕ್ಕದಲ್ಲೇ ಕೂತಿದ್ದವರಿಗೆ ವಾಸನೆ ಬರಲಿಲ್ಲ. ಹೀಗೇ ವರ್ಷ ದಾಟಿತು. ಸಿಟ್ಟು ಬಂದಿತ್ತು, ನಿಜ. ಆದರೆ ಈ ಕಾಯಿಲೆ ಎಲ್ಲ ಕ್ಯಾನ್ಸರುಗಳಲ್ಲಿ ಶೇ 1ರಷ್ಟೂ ಇಲ್ಲ. ಶುರುವಿನಲ್ಲಿ ಶೀತದ ಹಾಗೇ ಇರುತ್ತದೆ.

ಮೊದಲ ಥ್ಯಾಂಕ್ಸ್ ನಮ್ಮ ಕಿವಿ-ಮೂಗು-ಗಂಟಲು ಡಾಕ್ಟರ್ ಮೇಡಂಗೆ. "ಯಾವಾಗಲೂ ಒಂದೇ ಕಡೆನಾ? ಏನು ಕೆಲಸ ಮಾಡ್ತೀರಿ?" ಇಷ್ಟೇ ಕೇಳಿದ್ದು. ಮರಗೆಲಸ ಅಂದ ತಕ್ಷಣ ಪೆನ್ನು ಕೆಳಗಿಟ್ಟು, ಮೂಗಿನೊಳಗೆ ನೋಡುವ ಎಂಡೋಸ್ಕೋಪ್ ತರಿಸಿದರು. ಅವತ್ತೇ ಸಿಟಿ ಸ್ಕ್ಯಾನ್, ಆಮೇಲೆ ಬಯಾಪ್ಸಿ. ಕಣ್ಣುಗಳ ನಡುವಿನ ಎಥ್ಮಾಯ್ಡ್ ಸೈನಸ್ಸಿನಲ್ಲಿ ಅಡಿನೋಕಾರ್ಸಿನೋಮಾ ಅನ್ನುವ ಬಗೆಯ ಕ್ಯಾನ್ಸರ್. ಮರದ ಧೂಳಿಗೂ ಇದಕ್ಕೂ ನಂಟಿದೆ ಅಂತ ಅವರೇ ಹೇಳಿದ್ದು. ಇಂಗ್ಲೆಂಡಿನ ಹೈ ವಿಕಂಬ್ ಕುರ್ಚಿ-ಮೇಜು ಮಾಡುವವರ ಊರು. ಅಲ್ಲಿನ ಬಡಗಿಗಳಿಗೇ ಇದು ಜಾಸ್ತಿ ಬರುತ್ತಿರುವುದನ್ನು 1960ರ ದಶಕದಲ್ಲಿ ಎಸ್ಮೆ ಹ್ಯಾಡ್‌ಫೀಲ್ಡ್ ಎಂಬ ಡಾಕ್ಟರ್ ಗುರುತಿಸಿದ್ದರಂತೆ. ಆ ತಾಯಿಗೂ ಒಂದು ನಮಸ್ಕಾರ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮೂಗಿನೊಳಗಿಂದಲೇ ಆಪರೇಷನ್ ಮಾಡಿದರು, ಮುಖದ ಮೇಲೆ ಗಾಯವಿಲ್ಲ. ರೇಡಿಯೇಷನ್ನಿಗೆ ಮುಖದ ಅಚ್ಚಿನ ಜಾಲರಿ ಹಾಕಿ ಟೇಬಲ್ಲಿಗೆ ಬಿಗಿಯುತ್ತಾರೆ. ಅಪ್ಪ ಹೆದರಿ ಎದ್ದುಬಿಟ್ಟರು. ಆಗ ಟೆಕ್ನೀಷಿಯನ್ ಹುಡುಗ ಏನು ಇಷ್ಟ ಅಂತ ಕೇಳಿ, ಮೊಬೈಲಿನಲ್ಲಿ ತಾಳಮದ್ದಳೆ ಹಾಕಿದ. ಭಾಗವತರ ಪದ ಶುರುವಾದ ಮೇಲೆ ಅಪ್ಪ ಅಲುಗಲಿಲ್ಲ. ಆಮೇಲೆ ದಿನಾ ಅದೇ. ತಮ್ಮಾ, ನಿನ್ನ ಋಣ ದೊಡ್ಡದು.

ರಕ್ತ ಕೊಟ್ಟವರು, ಊಟ ತಂದವರು, ಅಮ್ಮನಿಗೆ ಮಲಗಲು ಜಾಗ ಕೊಟ್ಟವರು, ಎಲ್ಲರಿಗೂ ಥ್ಯಾಂಕ್ಸ್. ಅಪ್ಪ ಒಪ್ಪಿಕೊಂಡಿದ್ದ ಬಾಗಿಲುಗಳನ್ನು ಮುಗಿಸಿಕೊಟ್ಟು ಕೂಲಿ ಬೇಡ ಅಂದ ಅಂಗಡಿಯ ಹುಡುಗರಿಗೆ ಇನ್ನೂ ಜಾಸ್ತಿ. ಈಗ ಅವರೆಲ್ಲ ಮಾಸ್ಕ್ ಹಾಕಿಯೇ ಮರ ಉಜ್ಜುವುದು. ಬಿಚ್ಚಿದರೆ ಅಪ್ಪನ ಬೈಗುಳ ಗ್ಯಾರಂಟಿ.

ಮೇಡಂ, ನಿಮಗೆ ವರ್ಗಾವಣೆ ಆಯಿತಂತೆ. ನಿಮಗೆಂದೇ ಅಪ್ಪ ಹಲಸಿನ ಮರದ ಮಣೆ ಮಾಡಿಟ್ಟಿದ್ದಾರೆ. ಯಾರ ಕೈಲಿ ಕಳಿಸಲಿ, ತಿಳಿಸಿ.